ಮೂರು ಡಿಗ್ರಿ ಟೀಚರ್ ಮತ್ತು ಸೇತುವೆಯ ವಾಕ್ಯ

ಮೂರು ಡಿಗ್ರಿ ಟೀಚರ್ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಗಡಿಯಾರ ರಿಪೇರಿಗೆ ಕೊಟ್ಟರೆ ಅಂಗಡಿಯವನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತು, ಕೊನೆಯ ತಿರುಪು ಬಿಗಿಯುವ ತನಕ ಅವನ ಬೆರಳಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಬಸ್ಸಿನ ಹಣೆಯ ಮೇಲಿನ ಬೋರ್ಡು ಓದಿದ ಮೇಲೂ ಇಬ್ಬರು ಪ್ರಯಾಣಿಕರನ್ನು ಬೇರೆಬೇರೆಯಾಗಿ ವಿಚಾರಿಸಿಯೇ ಹತ್ತುತ್ತಿದ್ದರು. ಇಬ್ಬರ ಉತ್ತರವೂ ಒಂದೇ ಆಗಿಬಿಟ್ಟರೆ, ಇವರು ಮೊದಲೇ ಮಾತಾಡಿಕೊಂಡಿರಬಹುದೇ ಎಂಬ ಅನುಮಾನ ಬೇರೆ. ಮನೆಯಲ್ಲಿ ಜೊತೆಗಿದ್ದವರು ಅವರ ಅಕ್ಕ ಒಬ್ಬರೇ. ಎಣ್ಣೆ ಬಾಟಲಿಯ ಮೇಲೆ ಟೀಚರ್ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತಿದ್ದುದು ಆ ಅಕ್ಕನ ಸಲುವಾಗಿಯೇ.

ನಾನು ಅವರ ಹಳೆಯ ವಿದ್ಯಾರ್ಥಿನಿ. ಆಮೇಲೆ ಅದೇ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದೆ. ಅಧ್ಯಾಪಕರ ಕೊಠಡಿಯಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ನಾನು ಎದ್ದು ನೀರು ಕುಡಿಯಲು ಹೋದರೂ ಅವರು ತಮ್ಮ ಡ್ರಾಯರಿಗೆ ಬೀಗ ಹಾಕುತ್ತಿದ್ದರು. ಕುಳಿತಲ್ಲೇ ಕುಳಿತಿರುವವರು ಬೀಗ ಯಾಕೆ ಹಾಕುತ್ತಾರೆ ಎಂದು ಮೊದಲ ವರ್ಷ ತಲೆ ಕೆಡಿಸಿಕೊಂಡಿದ್ದೆ. ಎರಡನೇ ವರ್ಷದಿಂದ ಬಿಟ್ಟುಬಿಟ್ಟೆ.

ಮೂರು ಡಿಗ್ರಿ ಎನ್ನುವುದು ಮಕ್ಕಳಿಟ್ಟ ಹೆಸರು. ಅವರು ಕಾಲೇಜಿನಲ್ಲಿ ಪಡೆದಿದ್ದು ಒಂದೇ ಡಿಗ್ರಿ. ಹೆಸರು ಬಂದಿದ್ದು ಪಾಠದಿಂದ. ಇಂಗ್ಲಿಷ್ ವ್ಯಾಕರಣದಲ್ಲಿ ಒಂದನ್ನು ಇನ್ನೊಂದಕ್ಕೆ ಹೋಲಿಸುವ ಮಾತನ್ನು ಮೂರು ಬಗೆಯಲ್ಲಿ ಹೇಳಬಹುದು. ಈ ಬೀದಿಯಲ್ಲಿ ನಮ್ಮ ಮನೆಯಷ್ಟು ಹಳೆಯ ಮನೆ ಇನ್ನೊಂದಿಲ್ಲ ಎಂದರೆ ಪಾಸಿಟಿವ್. ನಮ್ಮ ಮನೆ ಬೀದಿಯ ಬೇರೆಲ್ಲ ಮನೆಗಳಿಗಿಂತ ಹಳೆಯದು ಎಂದರೆ ಕಂಪ್ಯಾರೆಟಿವ್. ಬೀದಿಯಲ್ಲೇ ಅತ್ಯಂತ ಹಳೆಯದು ನಮ್ಮ ಮನೆ ಎಂದರೆ ಸುಪರ್ಲೆಟಿವ್. ಮೂರರಲ್ಲಿ ಒಂದನ್ನು ಕೊಟ್ಟು ಮಿಕ್ಕ ಎರಡಕ್ಕೆ ಬದಲಾಯಿಸಿ ಅನ್ನುವುದು ಪರೀಕ್ಷೆಯ ಪ್ರಶ್ನೆ, ಹತ್ತು ಅಂಕ. "ಮಾತು ತಿರುಗ್ಬೇಕು, ಅರ್ಥ ಅಲುಗಬಾರದು" ಎಂದು ಟೀಚರ್ ಬೋರ್ಡಿನ ಮೇಲೆ ಸೀಮೆಸುಣ್ಣದ ತುದಿ ಮುರಿಯುವ ಹಾಗೆ ಕುಟ್ಟುತ್ತಿದ್ದರು.

ಅವರಿಗೆ ಅದು ಬರೀ ಪಾಠವಾಗಿರಲಿಲ್ಲ, ಜಗತ್ತನ್ನು ತಡವಿ ನೋಡುವ ಕೋಲಾಗಿತ್ತು. ಒಮ್ಮೆ ಅವರ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಪರದೆ ಬಟ್ಟೆಯೊಂದನ್ನು ಹರಡಿ, "ನಮ್ಮ ಅಂಗಡೀಲಿ ಇದೇ ಅತ್ಯುತ್ತಮ ಬಟ್ಟೆ ಮೇಡಂ" ಅಂದ.

"ಹಾಗಂದ್ರೆ ಮಿಕ್ಕಿದ್ದೆಲ್ಲ ಇದಕ್ಕಿಂತ ಕಡಿಮೆ ಅಂತ ನೀವೇ ಒಪ್ಕೊಂಡ ಹಾಗಾಯ್ತು. ಆ ಮಿಕ್ಕಿದ್ದನ್ನ ತೋರ್ಸಿ" ಎಂದರು ಟೀಚರ್.

ಅವನು ಪಾಪ, ಇಪ್ಪತ್ತು ನಿಮಿಷ ಥಾನುಗಳನ್ನು ಇಳಿಸಿ ಹತ್ತಿಸಿ ಸುಸ್ತಾದ. ಕೊನೆಗೆ ಟೀಚರ್ ಮೊದಲನೇ ಬಟ್ಟೆಯನ್ನೇ ಕೊಂಡರು, ಅದೂ ಮುಖ ಗಂಟಿಕ್ಕಿಕೊಂಡು. ಅತ್ಯಂತ ಎಂದವರ ಹತ್ತಿರ ಸಾಕ್ಷಿ ಕೇಳದೆ ಬಿಟ್ಟಿದ್ದನ್ನು ನಾನಂತೂ ನೋಡಿಲ್ಲ.

ಇಂಥವರು ಪ್ರಶ್ನೆಪತ್ರಿಕೆ ತಯಾರಿಸುವ ವೈಖರಿ ಕೇಳಬೇಕೆ. ಮನೆಯಲ್ಲಿ ಕಿಟಕಿ ಮುಚ್ಚಿ ಬರೆಯುತ್ತಿದ್ದರು. ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಶಾಲೆಯ ಕಚೇರಿಯ ಟೈಪಿಸ್ಟಿನ ಕೈಗೆ ತಾವೇ ಕೊಟ್ಟು, ಅವಳು ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡುವಾಗ ಪಕ್ಕದಲ್ಲೇ ಕೂರುತ್ತಿದ್ದರು. ಮುಗಿದ ಮೇಲೆ ಸ್ಟೆನ್ಸಿಲನ್ನು ಬೆಳಕಿಗೆ ಹಿಡಿದು ತಪ್ಪು ನೋಡುತ್ತಿದ್ದರು. ಆ ವರ್ಷದ ನಡುಪರೀಕ್ಷೆಯ ಪತ್ರಿಕೆ ಟೈಪಾಗುವಾಗ ಮಾತ್ರ ಮುಖ್ಯೋಪಾಧ್ಯಾಯರು ಹೇಳಿಕಳಿಸಿದ್ದರಿಂದ ಹತ್ತು ನಿಮಿಷ ಎದ್ದು ಹೋಗಬೇಕಾಯಿತು. ಆ ಹತ್ತು ನಿಮಿಷ ಮುಂದೆ ಒಂದು ಹೆಣ್ಣಿನ ಅನ್ನಕ್ಕೇ ಕಲ್ಲು ಹಾಕುತ್ತದೆಂದು ಯಾರಿಗೆ ಗೊತ್ತಿತ್ತು.

ಪರೀಕ್ಷೆ ಮುಗಿದು ಉತ್ತರಪತ್ರಿಕೆ ತಿದ್ದುವಾಗ ಅವರ ಕೆಂಪು ಪೆನ್ನು ತಟ್ಟನೆ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. ಇನ್ನೊಂದು ಪತ್ರಿಕೆ ತೆಗೆದರು, ಮತ್ತೊಂದು ತೆಗೆದರು. ಆಮೇಲೆ ಇಡೀ ಕಟ್ಟನ್ನು ಮೇಜಿನ ಮೇಲೆ ಎರಡು ಗುಡ್ಡೆಯಾಗಿ ವಿಂಗಡಿಸತೊಡಗಿದರು.

ಆಗಿದ್ದು ಇಷ್ಟು. ಟೀಚರ್ ಕೈಬರಹದಲ್ಲಿ ಕೊಟ್ಟಿದ್ದ ವಾಕ್ಯ, ಕಬ್ಬಿಣದ ಸೇತುವೆ ಊರಿನ ಬೇರೆಲ್ಲ ಸೇತುವೆಗಳಿಗಿಂತ ಗಟ್ಟಿ ಎಂದು. ಸ್ಟ್ರಾಂಗರ್ ಎಂದಿದ್ದ ಕಡೆ ಟೈಪಿಸ್ಟ್ ಕಣ್ತಪ್ಪಿ ಲಾಂಗರ್ ಎಂದು ಕುಟ್ಟಿದ್ದಳು. ಸ್ಟೆನ್ಸಿಲ್ ನೋಡುವಾಗ ಟೀಚರಿಗೂ ಅದು ಕಂಡಿರಲಿಲ್ಲ. ಬಾಯಿಪಾಠವಾದ ವಾಕ್ಯವನ್ನು ಕಣ್ಣು ಓದುವುದಿಲ್ಲ, ಹಾಗೇ ಜಾರಿ ಹೋಗುತ್ತದೆ. ಮಕ್ಕಳ ಕೈಗೆ ಬಂದ ಪತ್ರಿಕೆಯಲ್ಲಿ ಇದ್ದದ್ದು ಉದ್ದದ ಸೇತುವೆ. ಆದರೆ ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ಮೂರು ಮಂದಿ, ಊರಿನ ಬೇರೆ ಯಾವ ಸೇತುವೆಯೂ ಕಬ್ಬಿಣದ ಸೇತುವೆಯಷ್ಟು ಗಟ್ಟಿಯಲ್ಲ ಎಂದು ಬರೆದಿದ್ದರು. ಪತ್ರಿಕೆಯಲ್ಲಿ ಇಲ್ಲದ ಪದ ಅವರ ಉತ್ತರದಲ್ಲಿತ್ತು.

"ನೋಡು" ಎಂದರು ಟೀಚರ್. ಸಿಟ್ಟಿಗಿಂತ ಹೆಚ್ಚಾಗಿ ಅವರ ದನಿಯಲ್ಲಿ ಒಂಥರಾ ತೃಪ್ತಿಯಿತ್ತು. ಇಷ್ಟು ವರ್ಷ ಜಗತ್ತಿನ ಮೇಲಿಟ್ಟಿದ್ದ ಅನುಮಾನಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತ್ತಲ್ಲ. "ಗಟ್ಟಿ ಅನ್ನೋ ಪದ ಇದ್ದಿದ್ದು ನನ್ನ ಕೈಬರಹದಲ್ಲಿ ಮಾತ್ರ. ಆ ಹಾಳೆ ನನ್ನ ಕೈ ಬಿಟ್ರೆ ಟೈಪಿಸ್ಟ್ ಕೈಗೆ ಹೋಗಿದೆ. ಹತ್ತು ನಿಮಿಷ ಅವಳೊಬ್ಬಳೇ ಇದ್ಲು. ಇನ್ನು ನೀನೇ ಹೇಳು."

ನಾನು ತಲೆ ಬಗ್ಗಿಸಿ ನನ್ನ ಕಟ್ಟಿನ ದಾರ ಬಿಚ್ಚತೊಡಗಿದೆ. ಯಾಕೆಂದರೆ ಪತ್ರಿಕೆ ಬಯಲಾದದ್ದು ಹೇಗೆಂದು ನನಗೆ ಗೊತ್ತಿತ್ತು.

ಆ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತಿತ್ತು. ಪರೀಕ್ಷೆಗೆ ಮುಂಚಿನ ವಾರ ಟೀಚರ್ ನಮಗೆ ಒಂದು ಪುಟ ನಕಲು ಬರೆಯಲು ಕೊಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು ಬೆಂಚುಗಳ ನಡುವೆ ಅಡ್ಡಾಡುತ್ತಿದ್ದರು. ಪತ್ರಿಕೆಗೆ ಹಾಕಬೇಕೆಂದಿರುವ ವಾಕ್ಯಗಳನ್ನು ಮನಸ್ಸಿನಲ್ಲೇ ಮೂರು ಡಿಗ್ರಿಗೂ ತಿರುಗಿಸಿ ನೋಡುವುದು ಅವರ ಕ್ರಮ. ಮನಸ್ಸಿನಲ್ಲೇ ಎಂದು ಅವರು ತಿಳಿದಿದ್ದರು, ಅಷ್ಟೇ. ಬಾಯಿ ಗೊಣಗುತ್ತಿತ್ತು. ಎಡ ಸಾಲಿನಲ್ಲಿ ಹೋಗುವಾಗ ಪಾಸಿಟಿವ್, ನಡು ಸಾಲಿನಲ್ಲಿ ಕಂಪ್ಯಾರೆಟಿವ್, ಬಲ ಸಾಲಿನಲ್ಲಿ ಸುಪರ್ಲೆಟಿವ್. ಆಯಾ ಸಾಲಿನವರು ಆಯಾ ತುಂಡನ್ನು ನಕಲು ಪುಸ್ತಕದ ಅಂಚಿನಲ್ಲಿ ಬರೆದುಕೊಂಡು, ಗಂಟೆ ಹೊಡೆದ ಮೇಲೆ ನೀರಿನ ನಲ್ಲಿಯ ಹತ್ತಿರ ಕೂಡಿಸಿಕೊಳ್ಳುತ್ತಿದ್ದೆವು. ಈ ವಿದ್ಯೆಯನ್ನು ಹಿರಿಯರು ಕಿರಿಯರಿಗೆ ಹೇಳಿಕೊಟ್ಟು ಹೋಗುತ್ತಿದ್ದರು. ನಾನು ಕೂತಿದ್ದು ಬಲ ಸಾಲಿನ ಎರಡನೇ ಬೆಂಚು. ನನಗೆ ಹತ್ತಕ್ಕೆ ಹತ್ತು ಬಂದದ್ದು ಹಾಗೆ.

ಈಗ ತಿಳಿಯಿತಲ್ಲ ನನ್ನ ಫಜೀತಿ. ಇಪ್ಪತ್ತೆಂಟು ವರ್ಷ ಆ ಪ್ರಶ್ನೆಯಲ್ಲಿ ಅವರ ಮಕ್ಕಳು ಪೂರ್ತಿ ಅಂಕ ತೆಗೆಯುತ್ತ ಬಂದಿದ್ದರು. ಅವರ ಬಾಳಿನಲ್ಲಿ ಅವರು ಸಾಕ್ಷಿ ಕೇಳದೆ ನಂಬಿದ್ದ ಸಂಗತಿಯೆಂದರೆ ಅದೊಂದೇ.

ಟೀಚರ್ ಅಂದೇ ದೂರು ಬರೆದು ಕೊಟ್ಟರು. ಟೈಪಿಸ್ಟ್ ಐದು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದವಳು. ಅವಳನ್ನು ಕಾಯಂ ಮಾಡುವ ವಿಷಯ ಒಂಬತ್ತು ದಿನಗಳಲ್ಲಿ ಆಡಳಿತ ಸಮಿತಿಯ ಮುಂದೆ ಬರುವುದಿತ್ತು. ದೂರೂ ಅದರ ಜೊತೆಗೇ ಹೋಗುತ್ತದೆ, ದೂರು ನಿಂತರೆ ಕೆಲಸ ಹೋಗುತ್ತದೆ ಎಂದು ಮುಖ್ಯೋಪಾಧ್ಯಾಯರು ಅವಳನ್ನು ಕರೆದು ಹೇಳಿದರು. ಅವಳು, "ನಾನು ಯಾರಿಗೂ ತೋರ್ಸಿಲ್ಲ ಸಾರ್" ಎಂದಷ್ಟೇ ಹೇಳಿ ಹೊರಗೆ ಬಂದಳಂತೆ. ಅಳಲಿಲ್ಲ, ಆಣೆ ಇಡಲಿಲ್ಲ, ಯಾರ ಕಡೆಗೂ ಬೆರಳು ತೋರಿಸಲಿಲ್ಲ.

ಅದೇ ಅವಳಿಗೆ ಮುಳುವಾಯಿತು. ಕಳ್ಳತನ ಮಾಡದವಳು ಇಷ್ಟು ತಣ್ಣಗೆ ಇರುತ್ತಾಳೆಯೇ ಎಂದು ಅಧ್ಯಾಪಕರ ಕೊಠಡಿಯಲ್ಲಿ ಗುಸುಗುಸು ಶುರುವಾಯಿತು. ಅವಳ ಅಕ್ಕನ ಮಗಳು ಅದೇ ತರಗತಿಯಲ್ಲಿದ್ದಾಳೆ ಎಂದು ಚರಿತ್ರೆಯ ಮೇಷ್ಟ್ರು ಪತ್ತೆಹಚ್ಚಿದರು. ಅಕ್ಕ ತೀರಿಕೊಂಡ ಮೇಲೆ ಆ ಹುಡುಗಿಯನ್ನು ಟೈಪಿಸ್ಟೇ ಸಾಕುತ್ತಿದ್ದಳು. ಟೀಚರ್ ಕೂಡಲೇ ಹುಡುಗಿಯ ಪತ್ರಿಕೆ ಹುಡುಕಿ ತೆಗೆದರು. ಅವಳೂ ಗಟ್ಟಿ ಎಂದೇ ಬರೆದಿದ್ದಳು. ಎರಡೇ ದಿನದಲ್ಲಿ ಎಲ್ಲರ ಡ್ರಾಯರಿಗೂ ಬೀಗ ಬಂತು. ಟೈಪಿಸ್ಟ್ ಹಾಜರಿ ಪುಸ್ತಕ ತೆಗೆದುಕೊಳ್ಳಲು ಒಳಗೆ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ನನ್ನ ನಾಚಿಕೆಗೇಡಿನ ಮಾತನ್ನೂ ಹೇಳಿಬಿಡುತ್ತೇನೆ. ಅಕ್ಕನ ಮಗಳ ಸುದ್ದಿ ಕೇಳಿ ನನಗೆ ಒಳಗೊಳಗೇ ಹಾಯೆನಿಸಿತು. ಈ ಸಲ ನಿಜವಾಗಿಯೂ ಅವಳೇ ತೋರಿಸಿದ್ದರೆ ನಾನು ಬಾಯಿ ಬಿಡಬೇಕಾಗಿಲ್ಲವಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅವಳನ್ನು ಅನುಮಾನಿಸುವುದಕ್ಕೆ ನಾನು ಪ್ರಯತ್ನಪಟ್ಟೆ. ಅವಳು ಬೇಗ ಮನೆಗೆ ಹೋದರೆ ಯಾಕೆ ಬೇಗ ಹೋದಳು, ತಡವಾಗಿ ಹೋದರೆ ಯಾಕೆ ತಡ ಎಂದು ಲೆಕ್ಕ ಹಾಕಿದೆ. ಅನುಮಾನ ಎಷ್ಟು ಅನುಕೂಲದ ವಸ್ತು ಎಂದು ನನಗೆ ಆಗ ಗೊತ್ತಾಯಿತು.

ಐದನೇ ದಿನ ಧೈರ್ಯ ತಂದುಕೊಂಡು ಟೀಚರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಅಕ್ಕ. ಅಡುಗೆಮನೆಯ ಕಡೆಯಿಂದ ಸಣ್ಣಗೆ ಇಂಗ್ಲಿಷ್ ಕೇಳಿಸುತ್ತಿತ್ತು.

"ಯಾರ ಜೊತೆ ಮಾತಾಡ್ತಿದಾರೆ?" ಎಂದೆ.

"ಬದನೆಕಾಯಿ ಜೊತೆ" ಎಂದರು ಅಕ್ಕ. "ಹೆಚ್ಚೋವಾಗ ಹಾಗೇ. ಗೊಣಗ್ತೀಯಲ್ಲೇ ಅಂತ ಒಂದ್ಸಲ ಹೇಳ್ದೆ. ನಾನು ಯಾವತ್ತು ಗೊಣಗಿದ್ದೆ, ನಿಂಗೆ ಯಾರು ಹೇಳಿಕೊಟ್ರು ಅಂತ ಎರಡು ತಿಂಗಳು ನನ್ ಹತ್ರ ಮಾತು ಬಿಟ್ಲು. ಆಮೇಲೆ ನಾನ್ಯಾಕೆ ಹೇಳ್ಲಿ?"

ಅಷ್ಟರಲ್ಲಿ ಟೀಚರ್ ಕೈ ಒರೆಸಿಕೊಳ್ಳುತ್ತ ಬಂದರು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನೀನು ಸುಮ್ಮನೆ ಬರೋಳಲ್ಲ. ಯಾರು ಕಳಿಸಿದ್ರು?"

"ಯಾರೂ ಇಲ್ಲ ಟೀಚರ್. ಹೀಗೇ ಬಂದೆ."

"ಟೈಪಿಸ್ಟ್ ಪರವಾಗಿ ಮಾತಾಡೋಕೆ ಬಂದಿದ್ರೆ ಈಗ್ಲೇ ಹೇಳ್ಬಿಡು."

ಇಲ್ಲ ಎಂದೆ. ಚಹಾ ಕುಡಿದು, ಹವೆಯ ಬಗ್ಗೆ ಎರಡು ಮಾತಾಡಿ ಎದ್ದು ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಎಂಟನೇ ದಿನ ಬೆಳಿಗ್ಗೆ ಕಚೇರಿಯ ಮುಂದೆ ಹಾದುಹೋಗುವಾಗ ಟೈಪಿಸ್ಟ್ ತನ್ನ ಮೇಜು ಖಾಲಿ ಮಾಡುತ್ತಿರುವುದು ಕಂಡಿತು. ಬಾಚಣಿಗೆ, ಊಟದ ಡಬ್ಬಿ, ಯಂತ್ರ ಒರೆಸುವ ಚೂರು ಬಟ್ಟೆ ಎಲ್ಲ ಕೈಚೀಲಕ್ಕೆ ಹೋಗುತ್ತಿದ್ದವು. ಟೈಪ್‌ರೈಟರಿನ ಮುಚ್ಚಳ ಹಾಕಿ, ಅದು ಸೊಟ್ಟಗಿದೆಯೆಂದು ಮತ್ತೆ ತೆಗೆದು ನೆಟ್ಟಗೆ ಹಾಕಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ನೇರ ಅಧ್ಯಾಪಕರ ಕೊಠಡಿಗೆ ಹೋಗಿ, ಟೀಚರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಗೊಣಗುವುದು, ಮೂರು ಸಾಲು, ನಲ್ಲಿ, ನನ್ನ ಹತ್ತಕ್ಕೆ ಹತ್ತು.

ಅವರು ಕದಲದೆ ಕೇಳಿಸಿಕೊಂಡರು. "ನಮ್ಮಕ್ಕ ಹೇಳಿಕೊಟ್ಲಾ?"

"ಇಲ್ಲ ಟೀಚರ್."

"ಹಾಗಾದ್ರೆ ಟೈಪಿಸ್ಟ್. ಇಬ್ರೂ ಸೇರಿ ಕತೆ ಕಟ್ಟಿದೀರಿ."

"ನಂಬಬೇಡಿ" ಎಂದೆ. ನನಗೂ ರೇಗಿತ್ತು. "ನೀವೇ ಪರೀಕ್ಷೆ ಮಾಡಿ. ಒಂದು ವಾಕ್ಯ ಮನಸ್ಸಲ್ಲಿ ಇಟ್ಕೊಳ್ಳಿ. ನನಗೂ ಹೇಳ್ಬೇಡಿ. ಮಕ್ಕಳಿಗೆ ನಕಲು ಬರೆಯೋಕೆ ಕೊಟ್ಟು ಯಾವತ್ತಿನ ಹಾಗೆ ಅಡ್ಡಾಡಿ. ಆಮೇಲೆ ಏನು ಕೇಳಿಸ್ತೋ ಬರ್ದುಕೊಡಿ ಅನ್ನಿ."

ಟೀಚರ್ ಒಪ್ಪಿದರು, ಆದರೆ ಯಾವ ಪಿರಿಯಡ್ಡು ಎಂದು ನನಗೆ ಹೇಳಲಿಲ್ಲ, ನಾನು ಮಕ್ಕಳನ್ನು ಸಿದ್ಧ ಮಾಡಿಬಿಡುತ್ತೇನೆಂದು. ಮೂರನೇ ಪಿರಿಯಡ್ಡಿನಲ್ಲಿ ಚರಿತ್ರೆಯ ಮೇಷ್ಟ್ರನ್ನು ಎಬ್ಬಿಸಿ ಕಳಿಸಿ ತಾವೇ ಆ ತರಗತಿಗೆ ಹೋದರಂತೆ. ಬಿಡುವಿನ ಗಂಟೆ ಹೊಡೆದಾಗ ನನ್ನನ್ನು ಕರೆಸಿದರು. ಖಾಲಿ ತರಗತಿ. ಮೇಜಿನ ಮೇಲೆ ಮೂವತ್ತೆಂಟು ಚೀಟಿ, ಇನ್ನೂ ಮಡಚಿಯೇ ಇದ್ದವು.

"ನಾನು ಇಟ್ಕೊಂಡಿದ್ದು ದೀಪದ ಕಂಬದ ವಾಕ್ಯ" ಎಂದರು. "ಈ ಬೀದಿಯ ಕಂಬ ಊರಿನ ಬೇರೆಲ್ಲ ಕಂಬಗಳಿಗಿಂತ ಎತ್ತರ ಅಂತ. ನೀನೇ ತೆಗಿ. ಕಂಬ ಇದೆಯಾ ನೋಡೋಣ."

ಮೊದಲ ಚೀಟಿ ಬಿಡಿಸಿದೆ. ಕಂಬ ಇರಲಿಲ್ಲ. ಓದಿ ಮತ್ತೆ ಮಡಚಲು ಹೋದೆ.

"ಇಲ್ಲ ಅಲ್ವಾ?" ಎಂದು ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಮಗುವಿನ ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ, ಈ ಕಚೇರಿಯಲ್ಲಿ ಆ ಟೈಪಿಸ್ಟಿನಷ್ಟು ಕಪಟಿ ಇನ್ನೊಬ್ಬಳಿಲ್ಲ ಎಂದಿತ್ತು. ಟೀಚರ್ ಎರಡನೆಯದನ್ನು ಬಿಡಿಸಿದರು. ಟೈಪಿಸ್ಟ್ ಕಚೇರಿಯ ಬೇರೆಲ್ಲರಿಗಿಂತ ಕಪಟಿ. ಮೂರನೆಯದು, ನಾಲ್ಕನೆಯದು, ಹತ್ತನೆಯದು. ಕಂಬ ಎರಡು ಚೀಟಿಯಲ್ಲಿ ಮಾತ್ರ, ಅದೂ ಎಡ ಸಾಲಿನ ಮೊದಲ ಬೆಂಚಿನ ಮಕ್ಕಳದು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವರ ಮನಸ್ಸು ಕಂಬ ಬಿಟ್ಟು ಎಂಟು ದಿನದಿಂದ ಕುದಿಯುತ್ತಿದ್ದಲ್ಲಿಗೇ ಹೋಗಿಬಿಟ್ಟಿತ್ತು. ಮಕ್ಕಳು ಪರೀಕ್ಷೆಗೆ ಬರುವ ಪ್ರಶ್ನೆಯೆಂದು ತಿಳಿದು ಅಚ್ಚುಕಟ್ಟಾಗಿ ಬರೆದಿದ್ದವು. ಕೆಲವರು ಕೇಳಿಸದ ಡಿಗ್ರಿಗಳನ್ನೂ ತಾವೇ ತಿರುಗಿಸಿ, ಅತ್ಯಂತ ಕಪಟಿ ಎಂದು ಕೆಳಗೆ ಗೆರೆ ಎಳೆದಿದ್ದರು. ತಿರುಗಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಒಂದು ಚೀಟಿಯಲ್ಲಿ ಕ್ರಮಸಂಖ್ಯೆ ಬಿಟ್ಟು ಏನೂ ಇರಲಿಲ್ಲ. ಅದು ಯಾರದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಟೀಚರ್ ಬೆಂಚಿನ ತುದಿಯಲ್ಲಿ ಕೂತರು. ತುಟಿ ಅಲುಗುತ್ತಿದೆಯೇ ಎಂದು ಬೆರಳಿಟ್ಟು ನೋಡಿಕೊಂಡರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಆಮೇಲೆ ಟೀಚರ್ ಎದ್ದು, ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ದೂರು ವಾಪಸು ಪಡೆದಿದ್ದೇನೆ, ತಪ್ಪು ನನ್ನದು ಎಂದು ಬರೆದುಕೊಟ್ಟರು. ಅಲ್ಲಿಂದ ನೇರ ಟೈಪಿಸ್ಟಿನ ಮೇಜಿಗೆ. ನಾನೂ ಹಿಂದೆಯೇ ಹೋದೆ.

"ನಾನು ಗೊಣಗ್ತೀನಂತೆ" ಎಂದರು ನಿಂತುಕೊಂಡೇ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಟೀಚರ್. ನಾನೂ ನಿಮ್ಮ ಕೈಲೇ ಓದಿದ್ದಲ್ವಾ. ನಡು ಸಾಲು, ಮೂರನೇ ಬೆಂಚು."

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ದೆ? ಕೆಲಸ ಹೋಗ್ತಿತ್ತಲ್ಲೇ."

"ನಾನು ಹೇಳಿದ್ರೆ ನಂಬ್ತಿದ್ರಾ?"

ಟೀಚರ್ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಲ್ಲ. ಅದನ್ನೂ ದೂರಿಗೆ ಸೇರಿಸ್ತಿದ್ದೆ."

ನಾನು ಗೋಡೆ ನೋಡುತ್ತ ನಿಂತಿದ್ದೆ. ಅವಳು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ನಿಜ. ಆದರೆ ನಾನು ಮೊದಲ ದಿನವೇ ಹೇಳಬಹುದಿತ್ತು. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

"ನಮ್ಮ ಹುಡುಗಿ ಈಗ ಬಂದು ಹೋದ್ಲು" ಎಂದಳು ಟೈಪಿಸ್ಟ್. ದನಿ ಮೊದಲ ಸಲ ಒಡೆಯಿತು. "ಕ್ಲಾಸಲ್ಲಿ ಏನು ಬರ್ಕೊಂಡ್ರು ಅಂತ ಹೇಳಿದ್ಲು. ಸಮಿತಿಗೆ ನೀವು ಬರ್ಕೊಟ್ರಿ, ಸರಿ. ಆ ಮೂವತ್ತೇಳು ಮಕ್ಕಳಿಗೆ ಯಾರು ಹೇಳ್ತಾರೆ ಟೀಚರ್? ಅವಳು ನಾಳೆಯಿಂದ ಆ ಬೆಂಚಲ್ಲಿ ಹ್ಯಾಗೆ ಕೂರ್ತಾಳೆ?"

ಬಿಡುವು ಮುಗಿದ ಗಂಟೆ ಹೊಡೆಯಿತು. ಟೀಚರ್ ಅದೇ ತರಗತಿಗೆ ನಡೆದರು, ನಾನು ಬಾಗಿಲ ಹೊರಗೆ ನಿಂತೆ. ಮಕ್ಕಳು ಎದ್ದು ನಿಂತು ಕೂತವು. ಅವರು ಬೆಂಚುಗಳ ನಡುವೆ ಹೋಗಲಿಲ್ಲ, ಬೋರ್ಡಿನ ಮುಂದೆಯೇ ನಿಂತರು. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಆಡಿದವರನ್ನು ಹೊರಗೆ ನಿಲ್ಲಿಸುತ್ತಿದ್ದವರು ಅಂದು ಕನ್ನಡದಲ್ಲೇ ಹೇಳಿದರು.

"ಬೆಳಿಗ್ಗೆ ನಾನು ಅಂದಿದ್ದು ಸುಳ್ಳು. ಟೈಪಿಸ್ಟ್ ಕಪಟಿ ಅಲ್ಲ. ಅವಳು ಏನೂ ಮಾಡಿಲ್ಲ. ಅನುಮಾನ ಪಟ್ಟಿದ್ದು ನಾನು, ತಪ್ಪು ನಂದು."

ಮೂವತ್ತೇಳು ತಲೆ ಒಟ್ಟಿಗೆ ಬಗ್ಗಿದವು. ಮೂವತ್ತೇಳು ಪೆನ್ನು ಹಾಳೆಯ ಮೇಲೆ ಓಡತೊಡಗಿದವು. ಟೀಚರ್ ಬಾಯಿಂದ ಬಂದದ್ದು ಪರೀಕ್ಷೆಗೆ ಬರುತ್ತದೆಂದು ಆ ಮಕ್ಕಳಿಗೆ ಹಿರಿಯರು ಹೇಳಿಕೊಟ್ಟಿದ್ದರಲ್ಲ.

"ಬರ್ಕೋಬೇಡಿ" ಎಂದರು ಟೀಚರ್. "ಪೆನ್ನು ಕೆಳಗಿಡಿ. ಇದು ಪರೀಕ್ಷೆಗಲ್ಲ. ಕೇಳಿ."

ಪೆನ್ನುಗಳು ಒಂದೊಂದಾಗಿ ಕೆಳಗಿಳಿದವು. ಟೀಚರ್ ಅದನ್ನೇ ಇನ್ನೊಂದು ಸಲ ಹೇಳಿದರು, ಈ ಸಲ ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ.